ರಸ್ತೆ ಒಂದು, ವಾರ್ಡು ಎರಡು

2019ರ ನವೆಂಬರ್ 12, ಮಂಗಳವಾರ. ದಾವಣಗೆರೆ ಮಹಾನಗರ ಪಾಲಿಕೆ ಚುನಾವಣೆ. ಮೊದಲು ವೋಟು, ಆಮೇಲೆ ಬೆಣ್ಣೆದೋಸೆ ಅಂತ ಮನೆಯಲ್ಲಿ ಹೇಳಿ, ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟೆ.

ವೋಟು ಯಾರಿಗೆ ಅನ್ನೋದು ಎಂದೋ ತೀರ್ಮಾನವಾಗಿತ್ತು. ಒಬ್ಬ ಅಭ್ಯರ್ಥಿ ಮೂರು ಸಲ ಮನೆಗೆ ಬಂದಿದ್ದರು. ಅವ್ವನ ಕಾಲಿಗೆ ಬಿದ್ದಿದ್ದರು. ಮನೆ ಮುಂದಿನ ಚರಂಡಿಯನ್ನು ಬಗ್ಗಿ ನೋಡಿ, "ಛೇ, ಗೆದ್ದ ವಾರಕ್ಕೇ ಕ್ಲೀನ್ ಮಾಡಿಸ್ತೀನಣ್ಣ" ಅಂದಿದ್ದರು. ನಮ್ಮ ಚರಂಡಿಯನ್ನು ಬಗ್ಗಿ ನೋಡೋದಕ್ಕೂ ಗುಂಡಿಗೆ ಬೇಕು. ಆ ಧೈರ್ಯಕ್ಕೆ ಮೆಚ್ಚಿ ಮಾತು ಕೊಟ್ಟುಬಿಟ್ಟೆ.

ಏಪ್ರಿಲ್‌ನಲ್ಲಿ ಲೋಕಸಭೆಗೆ ವೋಟು ಹಾಕಿದ್ದ ಶಾಲೆಗೇ ಹೋದೆ. ಮುಕ್ಕಾಲು ಗಂಟೆ ನಿಂತೆ. ಪಟ್ಟಿಯಲ್ಲಿ ಎದುರು ಮನೆಯವರ ಹೆಸರಿದೆ, ನನ್ನದಿಲ್ಲ! "ನಾನಿನ್ನೂ ಸತ್ತಿಲ್ಲ ರೀ, ಇಲ್ಲೇ ನಿಂತೀನಿ" ಅಂತ ದನಿ ಏರಿಸಿದೆ. ಅಧಿಕಾರಿ ತಣ್ಣಗೆ ಹೇಳಿದರು, "ನಿಮ್ಮದು ಪಕ್ಕದ ವಾರ್ಡು ಸರ್."

ಮೊದಲು 41 ಇದ್ದ ವಾರ್ಡುಗಳು ಈ ಸಲ 45 ಆಗಿದ್ದವು. ಹಾಗೆ ಹಂಚುವಾಗ ಗೆರೆ ನಮ್ಮ ರಸ್ತೆಯ ನಡುವೆಯೇ ಹಾದುಹೋಗಿದೆ. ಅಂದರೆ ಅವ್ವನ ಕಾಲಿಗೆ ಬಿದ್ದವರು ನಿಂತಿದ್ದು ಎದುರು ಸಾಲಿನ ವಾರ್ಡಿಗೆ. ಅದು ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ವೋಟರ್ ಚೀಟಿಯಲ್ಲಿ ಬರೆದಿತ್ತಂತೆ. ಅದು ಫ್ರಿಜ್ ಮೇಲೆ ಕರೆಂಟ್ ಬಿಲ್ಲಿನ ಕೆಳಗೆ ಆರಾಮಾಗಿ ಮಲಗಿತ್ತು.

ಇನ್ನೊಂದು ಶಾಲೆ, ಇನ್ನೊಂದು ಸಾಲು. ನನ್ನ ಅಸಲಿ ವಾರ್ಡು ಮಹಿಳಾ ಮೀಸಲು. ನಗರಸಭೆ, ಪಾಲಿಕೆಗಳಲ್ಲಿ ಅರ್ಧ ಸೀಟು ಹೆಣ್ಣುಮಕ್ಕಳಿಗೆ ಅಲ್ವಾ? ಬ್ಯಾನರುಗಳಲ್ಲಿ ಮಾತ್ರ ಮುಕ್ಕಾಲು ಜಾಗ ಗಂಡಂದಿರಿಗೆ! ನಾನು ನೋಡಿ ಗುರುತಿಟ್ಟುಕೊಂಡಿದ್ದು ಗಂಡಂದಿರ ಮೀಸೆ, ಮೆಷಿನ್ನಿನಲ್ಲಿ ಇದ್ದದ್ದು ಹೆಂಡಂದಿರ ಹೆಸರು. ಯಾವ ಮೀಸೆಗೆ ಯಾವ ಹೆಸರು ಅಂತ ಲೆಕ್ಕ ಹಾಕಿ, ಕೊನೆಗೂ ಒಂದು ಬಟನ್ ಒತ್ತಿದೆ. ಬೀಪ್ ಅಂತು.

ನಾನು ಅಲ್ಲಾಡಲಿಲ್ಲ. ಲೋಕಸಭೆ ಚುನಾವಣೆಯಲ್ಲಿ ವೋಟು ಯಾರಿಗೆ ಬಿತ್ತು ಅಂತ ತೋರಿಸೋ ಚೀಟಿ ಪಕ್ಕದ ಪೆಟ್ಟಿಗೆಯ ಗಾಜಿನಲ್ಲಿ ಏಳು ಸೆಕೆಂಡು ಕಂಡಿತ್ತಲ್ಲ, ಅದಕ್ಕೇ ಕಾಯುತ್ತಿದ್ದೆ. "ಅಣ್ಣಾರೆ, ಒಳಗೆ ಏನ್ ಮಾಡಕತ್ತೀರಿ?" ಅಂತ ಕೂಗು ಬಂತು. "ಚೀಟಿ ಬಂದಿಲ್ಲ" ಅಂದೆ. "ಪಾಲಿಕೆಗೆ ಚೀಟಿ ಇಲ್ಲ, ಹೊರಗೆ ಬರ್ರಿ!" ಸಾಲಿನಲ್ಲಿದ್ದವರೆಲ್ಲ ಕಿಸಕ್ ಅಂದರು. ಹೋಟೆಲಿಗೆ ಹೋಗುವಷ್ಟರಲ್ಲಿ ದೋಸೆ ಹಿಟ್ಟು ಖಾಲಿ.

ಸಂಜೆ ಅದೇ ಅಭ್ಯರ್ಥಿ ರಸ್ತೆಯಲ್ಲಿ ಸಿಕ್ಕರು. ಸುಮ್ನೆ ಶಾಯಿ ಹಚ್ಚಿದ ಬೆರಳು ಎತ್ತಿ ತೋರಿಸಿದೆ. ಅದು ಸುಳ್ಳಂತೂ ಅಲ್ಲ. ಎರಡು ದಿನಕ್ಕೆ ಎಣಿಕೆಯಾಗಿ ಅವರು ಗೆದ್ದರು. ಹಾರ ಹಾಕಿಕೊಂಡೇ ನಮ್ಮ ಬಾಗಿಲಿಗೆ ಬಂದು, "ನಿಮ್ಮ ವೋಟು ಮರೆಯಲ್ಲಣ್ಣ" ಅಂತ ಕೈ ಹಿಡಿದರು. ಸಂದರ್ಭ ಚೆನ್ನಾಗಿದೆ ಅಂತ ಮೆಲ್ಲಗೆ ಚರಂಡಿಯ ಮಾತು ತೆಗೆದೆ.

"ಅಯ್ಯೋ ಅಣ್ಣ, ಈ ಸಾಲು ನಮ್ಮ ವಾರ್ಡಿಗೆ ಬರಲ್ಲ" ಅಂದರು.