ಹೊಸ ಮನೆಗೆ ಹಳೆ ಮರ ಬೇಕೆ?

ಬಿಚ್ಚಿದ ಹಳೆ ಮನೆಗಳ ಕಂಬ, ಬಾಗಿಲುಗಳನ್ನು ಹೊಸ ಮನೆಗೆ ಬಳಸಬೇಕೆ ಎಂಬುದರ ಬಗ್ಗೆ ಎರಡು ವಾದಗಳು.

ಪರ

ಅಪಾರ್ಟ್‌ಮೆಂಟಿನ ಹಳೆ ವಾರ್ಡ್‌ರೋಬ್ ಒಂದನ್ನು ಬಿಚ್ಚಿಸಿ ನೋಡಿ. ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಎಂಡಿಎಫ್ ಹಲಗೆ, ಮೇಲೆ ಲ್ಯಾಮಿನೇಟ್, ಅಂಚಿಗೆ ಪ್ಲಾಸ್ಟಿಕ್ ಪಟ್ಟಿ. ಮೂರನ್ನೂ ಅಂಟಿನಿಂದ ಕೂಡಿಸಿರುವುದರಿಂದ ಬೇರ್ಪಡಿಸಲು ಬರುವುದಿಲ್ಲ. ಕಳಚಿದ ಸ್ಕ್ರೂ ಅದೇ ತೂತಿನಲ್ಲಿ ಮತ್ತೆ ಬಿಗಿಯಾಗಿ ಕೂರುವುದಿಲ್ಲ. ಗುಜರಿಯವರೂ ಮುಟ್ಟುವುದಿಲ್ಲ. ಒಲೆಗೆ ಹಾಕೋಣವೆಂದರೆ ಅದರ ತುಂಬ ಯೂರಿಯಾ-ಫಾರ್ಮಾಲ್ಡಿಹೈಡ್ ಅಂಟು. ಹೊಸದಾಗಿ ಕೂರಿಸಿದಾಗಲೂ ಇಂಥ ಹಲಗೆ ಕೋಣೆಯೊಳಕ್ಕೆ ಸ್ವಲ್ಪಸ್ವಲ್ಪವೇ ಫಾರ್ಮಾಲ್ಡಿಹೈಡ್ ಅನಿಲ ಬಿಡುತ್ತಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಈ ಅನಿಲವನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ.

ಹಳೆ ತೊಟ್ಟಿಮನೆಯ ಮರಗೆಲಸದ ರೀತಿಯೇ ಬೇರೆ. ಮರಕ್ಕೆ ಮರವನ್ನೇ ಕಚ್ಚಿಸಿ, ಬೆಣೆ ಹೊಡೆದು ನಿಲ್ಲಿಸಿದ್ದು. ಬೆಣೆ ತಟ್ಟಿ ತೆಗೆದರೆ ಕಂಬ, ತೊಲೆ, ಬಾಗಿಲುವಾಡ ಎಲ್ಲ ಬಿಡಿಬಿಡಿಯಾಗಿ ಬರುತ್ತವೆ. ಹಳೆ ಮನೆಗಳನ್ನು ಉಳಿಸಲು ದುಡಿದ ವಿಜಯನಾಥ ಶೆಣೈ ಅವರು ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಎಂಬ ಬಯಲು ವಸ್ತುಸಂಗ್ರಹಾಲಯಕ್ಕೆ ಇಡೀ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ಎಬ್ಬಿಸಿದರು. ಅಂಟು, ಸಿಮೆಂಟುಗಳಲ್ಲಿ ಕಟ್ಟಿದ್ದನ್ನು ಹಾಗೆ ಸಾಗಿಸಿ ನೋಡಲಿ! ವರ್ತುಲ ಆರ್ಥಿಕತೆ ಬಯಸುವುದು ಇಷ್ಟನ್ನೇ: ಬಿಚ್ಚಲು ಬರುವಂತೆ ಕಟ್ಟಿ, ಬಿಚ್ಚಿದ್ದನ್ನು ಮತ್ತೆ ಬಳಸಿ.

ಮನೆಯೆಲ್ಲ ಹಳೆ ಮರವೇ ಆಗಬೇಕಿಲ್ಲ. ಬಾಗಿಲು, ಊಟದ ಮೇಜು, ಒಂದೆರಡು ಕಪಾಟು ಸಾಕು. ಹೊಸದು ಮಾಡಿಸುವಾಗಲೂ ಗೋಡೆಗೆ ಸೇರಿಸಿ ಹೊಡೆಸದೆ, ಎತ್ತಿಕೊಂಡು ಹೋಗುವಂತೆ ಮಾಡಿಸಬಹುದು.

ವಿರೋಧ

ಆ ಮರ ಎಲ್ಲಿಂದ ಬರುತ್ತದೆ ಎಂದು ಮೊದಲು ಕೇಳೋಣ. ತಮಿಳುನಾಡಿನ ಕಾರೈಕುಡಿಯಲ್ಲಿ ಮುನೀಶ್ವರನ್ ಕೋವಿಲ್ ಬೀದಿಯ ಅಂಗಡಿಗಳಿಗೆ ಹೋದರೆ ಚೆಟ್ಟಿನಾಡಿನ ಬಂಗಲೆಗಳ ಬರ್ಮಾ ತೇಗದ ಕಂಬ, ಕೆತ್ತನೆ ಬಾಗಿಲು, ಎನಾಮಲ್ ಪಾತ್ರೆಗಳವರೆಗೆ ಎಲ್ಲವೂ ಮಾರಾಟಕ್ಕಿವೆ. ವಾರಸುದಾರರು ಹತ್ತಾರು ಮಂದಿ, ಇರುವುದು ಹತ್ತಾರು ಊರಲ್ಲಿ. ದುರಸ್ತಿಗೆ ಹಣ ಹಾಕುವುದಕ್ಕಿಂತ ಕಂಬ ಮಾರುವುದು ಸಲೀಸು. ಹಳೆ ಕಂಬಕ್ಕೆ ಗಿರಾಕಿ ಹೆಚ್ಚಿದಷ್ಟೂ ನಿಂತಿರುವ ಮನೆಯನ್ನು ಕೆಡವುವ ಆಸೆಯೂ ಹೆಚ್ಚುತ್ತದೆ. ಮರುಬಳಕೆಯೆಂಬ ಹೆಸರಿನಲ್ಲಿ ನಡೆಯುವುದು ಬಳಕೆಯಲ್ಲಿರಬಹುದಾದ ಮನೆಯ ಬಿಡಿಭಾಗಗಳ ವ್ಯಾಪಾರ. ಅಷ್ಟು ದೂರ ಲಾರಿಯಲ್ಲಿ ಬಂದ ಕಂಬ ಬೆಂಗಳೂರಿನ ವಿಲ್ಲಾದಲ್ಲಿ ಏನನ್ನೂ ಹೊರುವುದಿಲ್ಲ. ಕಾಂಕ್ರೀಟ್ ಸೂರಿಗೆ ತಾಗಿಸಿ ನಿಲ್ಲಿಸಿದ ಶೋಕಿ, ಅಷ್ಟೆ.

ಬಣ್ಣದ ವಿಚಾರ ಇನ್ನೂ ಗಂಭೀರ. ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದೆಂಬ ನಿಯಮ ದೇಶದಲ್ಲಿ ಬಂದದ್ದು 2016ರಲ್ಲಿ, ಜಾರಿಯಾದದ್ದು ಮರುವರ್ಷ. ಅದಕ್ಕೂ ಹಿಂದಿನ ಬಾಗಿಲನ್ನು ಒಣದಾಗಿಯೇ ಉಜ್ಜಿದರೆ ಸೀಸದ ವಿಷಕಾರಿ ಧೂಳು ಏಳಬಹುದು. ಅದನ್ನು ಉಸಿರಾಡುವವರು ಮಾಸ್ಕ್ ಕೂಡ ಇಲ್ಲದ ಪಾಲಿಷ್ ಹುಡುಗರು, ಆಮೇಲೆ ನೆಲದಲ್ಲಿ ಅಂಬೆಗಾಲಿಡುವ ಮಗು. ಮರದೊಳಗೆ ಮುರಿದ ಮೊಳೆಯಿದ್ದರೆ ಗರಗಸದ ಬ್ಲೇಡು ಹಾಳು. ಕುಟ್ಟೆ ಹುಳ ಇದ್ದರೆ ಪಕ್ಕದ ಕಪಾಟಿಗೂ ಹಬ್ಬಬಹುದು.

ಹನ್ನೊಂದು ತಿಂಗಳ ಕರಾರಿನ ಬಾಡಿಗೆದಾರರಿಗಂತೂ ಈ ಚರ್ಚೆಯಲ್ಲಿ ಜಾಗವೇ ಇಲ್ಲ.

ನಿಜಕ್ಕೂ ಕಸ ಕಡಿಮೆಯಾಗಬೇಕೆಂದರೆ ಇರುವ ಎಂಡಿಎಫ್ ಕಪಾಟನ್ನೇ ಕೀಲು ಬದಲಿಸಿ, ನೀರು ತಾಗದಂತೆ ನೋಡಿಕೊಂಡು, ಇನ್ನೊಂದಷ್ಟು ವರ್ಷ ಬಳಸುವುದು ಮೇಲು. ವಿನ್ಯಾಸಕಾರರು ಇದನ್ನು ಹೇಳುವುದು ಅಪರೂಪ. ಕೀಲು ಬದಲಿಸುವ ಕೆಲಸಕ್ಕೆ ಅವರ ಶುಲ್ಕ ಹುಟ್ಟುವುದಿಲ್ಲವಲ್ಲ.