ಆ ಮೂರು ತಾಸಿಗೆ ಒಂದು ಹೆಡ್ ಬೇಕು

ನನ್ನದು ಸೈಕಲ್ ಅಂಗಡಿ, ಬಾಗಲಕೋಟೆ ಜಿಲ್ಲೆಯ ಒಂದು ಊರಿನಲ್ಲಿ. ಊರ ಹೆಸರು ಬರೆಯುವುದಿಲ್ಲ. ಬರೆದರೆ ಹುಡುಗನ ಗುರುತು ಸಿಕ್ಕಿಬಿಡುತ್ತದೆ.

ಹೋದ ಶ್ರಾವಣದಲ್ಲಿ ಅವನು ಅಂಗಡಿಗೆ ಬರಲು ಶುರು ಮಾಡಿದ. ಏಳನೇ ಕ್ಲಾಸು. "ಕಾಕಾ, ಸೊಲ್ಯೂಷನ್ ಕೊಡ್ರಿ" ಅಂದ. ಪಂಕ್ಚರ್‌ಗೆ ಹಚ್ಚುವ ಸೊಲ್ಯೂಷನ್ ಟ್ಯೂಬು. ಕೊಟ್ಟೆ. ಎರಡು ದಿನ ಬಿಟ್ಟು ಮತ್ತೆ ಬಂದ. ಮತ್ತೆ ಕೊಟ್ಟೆ. ಅದೇ ವಾರ ಮೂರನೇ ಸಲ ಬಂದು ಎರಡು ಟ್ಯೂಬ್ ಕೇಳಿದ.

"ಸೈಕಲ್ ಎಲ್ಲೈತೋ ತಮ್ಮಾ?"

"ಮನ್ಯಾಗೈತ್ರಿ."

"ತಗೊಂಡ್ ಬಾ. ನಾನ ಹಚ್ಚಿ ಕೊಡ್ತೀನಿ. ರೊಕ್ಕ ಬ್ಯಾಡ."

ಅವನು ಮಾತಾಡಲಿಲ್ಲ. ಕಾಲ ಹೆಬ್ಬೆರಳಿನಿಂದ ನೆಲ ಕೆರೆಯುತ್ತಾ ನಿಂತ. ಆಗ ನೋಡಿದೆ, ತುಟಿಯ ಸುತ್ತ ಚರ್ಮ ಕೆಂಪಾಗಿ ಒಡೆದಿತ್ತು. ಹತ್ತಿರ ಕರೆದೆ. ಇಪ್ಪತ್ತೆರಡು ವರ್ಷದಿಂದ ಆ ಸೊಲ್ಯೂಷನ್ ವಾಸನೆಯಲ್ಲೇ ಕೂತಿದ್ದೇನೆ. ಆವತ್ತು ಅದು ಒಂದು ಮಗುವಿನ ಉಸಿರಿನಿಂದ ಬಂತು. ಆ ಮನೆಯಲ್ಲಿ ಸೈಕಲ್ಲೇ ಇರಲಿಲ್ಲ. ಅವನು ಸೊಲ್ಯೂಷನ್ ಅನ್ನು ನಶೆಗಾಗಿ ಮೂಸುತ್ತಿದ್ದ. ಮೊದಲ ಎರಡು ಟ್ಯೂಬ್ ಮಾರಿದವನು ನಾನೇ. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಡ್ರಗ್ಸ್ ಅಂದ ಕೂಡಲೇ ನಮಗೆಲ್ಲ ನೆನಪಾಗುವುದು ಬೆಂಗಳೂರು, ಪಾರ್ಟಿ, ಟಿವಿ ಸುದ್ದಿ. ನಮ್ಮ ಓಣಿಯ ಹುಡುಗರ ಕೈಗೆ ಮೊದಲು ಸಿಗುವುದು ಸೊಲ್ಯೂಷನ್, ತಂಬಾಕು ಅಡಿಕೆ ಬೆರೆಸಿದ ಮಾವಾ, ಗುಟ್ಕಾ. ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಲ್ಲೇ ಬಂದ್ ಆಯಿತು. ಈಗ ಪಾನ್ ಮಸಾಲೆ ಒಂದು ಚೀಟು, ತಂಬಾಕು ಒಂದು ಚೀಟು. ಬಾಯಲ್ಲಿ ಎರಡೂ ಸೇರುತ್ತವೆ. ಗಾಂಜಾ ಆಮೇಲೆ ಬರುತ್ತದೆ, ಹುಡುಗ ಸ್ವಲ್ಪ ದೊಡ್ಡವನಾದ ಮೇಲೆ.

ದೆಹಲಿಯ ಏಮ್ಸ್‌ನವರು ದೇಶದ ತುಂಬಾ ಸಮೀಕ್ಷೆ ಮಾಡಿ 2019ರಲ್ಲಿ ಒಂದು ವರದಿ ಕೊಟ್ಟರು. ಹೀಗೆ ಮೂಗಿನಿಂದ ಎಳೆಯುವ ನಶೆ ದೊಡ್ಡವರಲ್ಲಿ 0.58%, 10ರಿಂದ 17 ವರ್ಷದ ಮಕ್ಕಳಲ್ಲಿ 1.17% ಅಂತ ಅದರಲ್ಲಿದೆ. ದೊಡ್ಡವರಿಗಿಂತ ಮಕ್ಕಳಲ್ಲಿ ಜಾಸ್ತಿ ಇರುವ ನಶೆ ಇದೊಂದೇ. ಇದು ಹೃದಯವನ್ನು ಒಮ್ಮೆಲೇ ನಿಲ್ಲಿಸಿಬಿಡಬಹುದು. ಮೊದಲನೇ ಸಲ ಎಳೆದವರೂ ಸತ್ತಿದ್ದಾರೆ. ಆದರೆ 1985ರ ಎನ್‌ಡಿಪಿಎಸ್, ಅಂದರೆ ಮಾದಕ ವಸ್ತುಗಳ ಕಾಯ್ದೆಯಲ್ಲಿ ಸೊಲ್ಯೂಷನ್ ಬರುವುದಿಲ್ಲ. ಪೊಲೀಸರು ಆ ಹುಡುಗನನ್ನು ಹಿಡಿದರೂ ಏನು ಕೇಸ್ ಹಾಕುತ್ತಾರೆ? ಹಾಕಲೂಬಾರದು, ಮಗು ಅಲ್ವಾ ಅದು.

ಅವನ ಮನೆಗೆ ಹೋದೆ. ತಂದೆ ಕಬ್ಬಿನ ಟ್ರ್ಯಾಕ್ಟರ್ ಡ್ರೈವರ್. ಹಂಗಾಮು ಶುರುವಾದರೆ ತಿಂಗಳುಗಟ್ಟಲೆ ಮನೆ ಕಡೆ ಬರುವುದು ಅಪರೂಪ. ತಾಯಿ ಹೊಲದ ಕೂಲಿಗೆ ಹೋಗಿ ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ವಿಷಯ ಹೇಳಿದಾಗ ಆಕೆ ಕೇಳಿದ ಮೊದಲ ಮಾತು, "ಪೊಲೀಸರು ಹಿಡ್ಕೊಂಡು ಹೋಗ್ತಾರೇನ್ರಿ ಅಣ್ಣಾರ?" ಈ ಹೆದರಿಕೆಗೇ ಎಷ್ಟೋ ಮನೆಗಳಲ್ಲಿ ಬಾಗಿಲು ಹಾಕಿಕೊಂಡು ಅಳುತ್ತಾರೆ. ಗಾಂಜಾ ಸೇದುವ ಹುಡುಗನಿಗೂ ಕಾಯ್ದೆಯಲ್ಲಿ ದಾರಿ ಇದೆ. ತಾನಾಗಿಯೇ ಚಿಕಿತ್ಸೆಗೆ ಬಂದವನಿಗೆ 64ಎ ಕಲಮಿನಲ್ಲಿ ರಕ್ಷಣೆ ಉಂಟು. ನಶೆ ಬಿಡಿಸಲು 14446 ಅಂತ ಉಚಿತ ಸಹಾಯವಾಣಿ ಇದೆ. ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್, 14416. ಇದನ್ನು ದಯವಿಟ್ಟು ನಿಮ್ಮ ಓಣಿಯಲ್ಲಿ ಹೇಳಿ.

ಹುಡುಗನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಒಳ್ಳೆಯವರು, ಅರ್ಧ ತಾಸು ಕೂರಿಸಿಕೊಂಡು ಮಾತಾಡಿದರು. ಹೊರಗೆ ಬಂದಾಗ ನನ್ನ ಹತ್ತಿರ ಒಂದೇ ಮಾತು ಹೇಳಿದರು: "ಸಾಲಿ ಬಿಟ್ಟ ಮ್ಯಾಲೆ ಇಂವ ಎಲ್ಲಿರ್ತಾನ ನೋಡ್ಕೊಳ್ರಿ."

ನೋಡಿದೆ. ಸಂಜೆ ಐದರಿಂದ ಎಂಟು. ಶಾಲೆ ಬಿಟ್ಟಿರುತ್ತದೆ, ತಾಯಿ ಇನ್ನೂ ಬಂದಿರುವುದಿಲ್ಲ. ಆ ಮೂರು ತಾಸು ಅವನು ಹಾಳು ಬಿದ್ದ ಒಂದು ಕಟ್ಟೆಯ ಮೇಲೆ ಕೂತಿರುತ್ತಿದ್ದ. ಜೊತೆಗೆ ಏಳೆಂಟು ಹುಡುಗರು, ದೊಡ್ಡವನಿಗೆ ಹತ್ತೊಂಬತ್ತು. ತಲವಾರ್‌ನಿಂದ ಕೇಕ್ ಕತ್ತರಿಸಿ ರೀಲ್ಸ್ ಹಾಕುವವರು ಇವರೇ. ಒಂದು ಸ್ಟೇಟಸ್ ವಿಷಯಕ್ಕೆ ಪಕ್ಕದ ಓಣಿಯವರ ಜೊತೆ ಹೊಡೆದಾಡಿ, ಒಬ್ಬ ಹುಡುಗನ ತಲೆಗೆ ಹನ್ನೊಂದು ಹೊಲಿಗೆ ಬಿದ್ದದ್ದೂ ಇದೇ ಕಟ್ಟೆಯಿಂದ ಎದ್ದು ಹೋದ ಮೇಲೆ. ನಶೆ ಬೇರೆ, ಹೊಡೆದಾಟ ಬೇರೆ ಅಂತ ನಾವು ಲೆಕ್ಕ ಹಾಕುತ್ತೇವೆ. ಎರಡಕ್ಕೂ ಕಟ್ಟೆ ಒಂದೇ, ಹೊತ್ತೂ ಒಂದೇ.

ಬಜೆಟ್ ಪೂರ್ವಭಾವಿ ಸಭೆಗೆ ಹೋದೆ. ಊರಿನ ಸ್ಥಳೀಯ ಸಂಸ್ಥೆ ಬಜೆಟ್ ಮಾಡುವ ಮೊದಲು ಜನರನ್ನು ಕರೆದು ಸಲಹೆ ಕೇಳುತ್ತದೆ. ಗಟಾರ, ಬೀದಿ ದೀಪ, ನಾಯಿ ಕಾಟ, ನೀರು, ಎಲ್ಲ ಬಂತು. ನನ್ನ ಸರದಿ ಬಂದಾಗ ಹುಡುಗರ ವಿಷಯ ಎತ್ತಿದೆ. ಸಂಜೆ ಹೊತ್ತು ಅವರಿಗೆ ಆಟ ಆಡಿಸುವವರು ಬೇಕು, ಮಾತಾಡಿಸುವವರು ಬೇಕು, ಅದಕ್ಕೆ ಹಣ ಇಡಿ ಅಂದೆ. ಉತ್ತರ ಏನು ಗೊತ್ತಾ? "ಅದು ಪೊಲೀಸ್ ಇಲಾಖೆಗೆ ಬರ್ತೈತ್ರಿ. ನಮ್ಮಲ್ಲಿ ಅದಕ್ಕ ಹೆಡ್ ಇಲ್ರಿ."

ಹೆಡ್ ಇಲ್ಲ. ಅಂದರೆ ಲೆಕ್ಕದ ಪುಸ್ತಕದಲ್ಲಿ ಆ ಹೆಸರಿನ ಖಾನೆ ಇಲ್ಲ.

ನಾನು ಅಂದಿನಿಂದ ಇದನ್ನೇ ಓದುತ್ತಿದ್ದೇನೆ. ನಮ್ಮ ರಾಜ್ಯದ ನಗರಸಭೆ, ಪುರಸಭೆಗಳು ಪರಿಶಿಷ್ಟ ಜಾತಿ, ಪಂಗಡದವರಿಗೆ 24.10%, ಇತರೆ ಬಡವರಿಗೆ 7.25%, ಅಂಗವಿಕಲರಿಗೆ 5% ಹಣ ತೆಗೆದಿಡುತ್ತವೆ. ಬಹಳ ಒಳ್ಳೆಯ ವ್ಯವಸ್ಥೆ. ಆದರೆ ಇವು ತಾವಾಗಿಯೇ ಹುಟ್ಟಿದ ಖಾನೆಗಳಲ್ಲ. ಜನ ಕೇಳಿದರು, ಸರ್ಕಾರ ಆದೇಶ ಮಾಡಿತು, ಹೆಡ್ ಆಯಿತು. ನಿಮ್ಮ ಮನೆ ತೆರಿಗೆಯ ರಸೀದಿ ತೆಗೆದು ನೋಡಿ. 100 ರೂಪಾಯಿ ತೆರಿಗೆಯ ಮೇಲೆ ಆರೋಗ್ಯ ಕರ 15, ಗ್ರಂಥಾಲಯ ಕರ 6, ಭಿಕ್ಷುಕರ ಕರ 3. ಭಿಕ್ಷುಕರ ಪುನರ್ವಸತಿಗೆ ಕರ ಇರುವುದು ಸರಿಯೇ. ಹದಿಮೂರು ವರ್ಷದ ಹುಡುಗ ದಾರಿ ತಪ್ಪದ ಹಾಗೆ ಮಾಡುವುದಕ್ಕೆ ನಮ್ಮಲ್ಲಿ ಒಂದು ರೂಪಾಯಿಯ ಖಾನೆಯೂ ಇಲ್ಲ ಅಂದರೆ ಹೇಗೆ?

ಜೂನ್ 26ಕ್ಕೆ, ನಶೆ ವಿರೋಧಿ ದಿನ ಅಂತ, ಜಾಥಾ ಆಗುತ್ತದಲ್ಲ ಅನ್ನಬಹುದು. ಆಗುತ್ತದೆ. ಶಾಲೆ ಮಕ್ಕಳು ಬೋರ್ಡ್ ಹಿಡಿದು ಘೋಷಣೆ ಕೂಗುತ್ತಾರೆ. ಆ ಹುಡುಗನನ್ನು ಕೇಳಿದೆ, ಜಾಥಾಕ್ಕೆ ಹೋಗಿದ್ದೇನು ಅಂತ. "ಹೂಂರಿ ಕಾಕಾ, ಮುಂದಿನ ಸಾಲಿನ್ಯಾಗ ನಾನ ಇದ್ದೆ" ಅಂದ.

ನನ್ನ ಮಗಳು ಧಾರವಾಡದಲ್ಲಿ ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯ ಓದುತ್ತಾಳೆ. ಅವಳು ಒಂದು ವಿಷಯ ಹೇಳಿದಳು. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 1983ರಲ್ಲಿ ಡೇರ್ ಅಂತ ಒಂದು ಕಾರ್ಯಕ್ರಮ ಶುರುವಾಯಿತಂತೆ. ಪೊಲೀಸರೇ ಶಾಲೆಗೆ ಬಂದು ನಶೆ ಬೇಡ ಅಂತ ಪಾಠ ಮಾಡುವುದು. ದೇಶದ ತುಂಬಾ ಹಬ್ಬಿತು, ಸುರಿದ ಹಣಕ್ಕೆ ಲೆಕ್ಕವಿಲ್ಲ. ಆಮೇಲೆ ಪರೀಕ್ಷೆ ಮಾಡಿ ನೋಡಿದರೆ, ಪಾಠ ಕೇಳಿದ ಮಕ್ಕಳಿಗೂ ಕೇಳದ ಮಕ್ಕಳಿಗೂ ನಶೆಯ ವಿಷಯದಲ್ಲಿ ಹೆಚ್ಚು ಫರಕು ಕಾಣಲಿಲ್ಲ. ಐಸ್‌ಲ್ಯಾಂಡ್ ದೇಶ ಬೇರೆ ದಾರಿ ಹಿಡಿಯಿತು. ಮಕ್ಕಳಿಗೆ ಸಂಜೆ ಆಟ, ಸಂಗೀತ, ಕುಣಿತ, ಕಲಿಸಲು ಸಂಬಳದ ಮೇಲೆ ತರಬೇತಿ ಪಡೆದ ಜನ. ಅಲ್ಲಿನ ರಾಜಧಾನಿ ರೇಕ್ಯಾವಿಕ್‌ನ ನಗರ ಆಡಳಿತ ಮಕ್ಕಳ ಕ್ಲಬ್ ಫೀಸಿಗೆ ಮನೆ ಮನೆಗೆ ಹಣ ಕೊಡುತ್ತದೆ. 1998ರಲ್ಲಿ ಅಲ್ಲಿ 15–16 ವರ್ಷದ ಮಕ್ಕಳಲ್ಲಿ ಹಿಂದಿನ ಒಂದು ತಿಂಗಳಲ್ಲಿ ಕುಡಿದು ಅಮಲೇರಿದವರು 42%. 2016ರಲ್ಲಿ 5%. ತಂದೆ ತಾಯಿ ಮಕ್ಕಳ ಜೊತೆ ಜಾಸ್ತಿ ಹೊತ್ತು ಇರಬೇಕು ಅಂತಲೂ ಅವರು ಪಟ್ಟು ಹಿಡಿದರು. ಅದು ನಮ್ಮ ಕೂಲಿ ಜನಕ್ಕೆ ಕಷ್ಟ. ಉಳಿದದ್ದು ನಮ್ಮಿಂದ ಆಗದ್ದೇನಲ್ಲ.

ಅಷ್ಟು ದೂರ ಹೋಗುವುದೂ ಬೇಡ. ಜಮಖಂಡಿ, ಮುಧೋಳ ಕಡೆ ಜಾತ್ರೆ ಅಂದರೆ ಕುಸ್ತಿ ಇರಲೇಬೇಕು. ನಾನು ಸಣ್ಣವನಿದ್ದಾಗ ನಮ್ಮೂರ ಗರಡಿ ಮನೆಯಲ್ಲಿ ಸಂಜೆ ಇಪ್ಪತ್ತು ಮೂವತ್ತು ಹುಡುಗರು ಇರುತ್ತಿದ್ದರು. ಹನುಮಪ್ಪನಿಗೆ ಕೈ ಮುಗಿದು ಮಣ್ಣಿಗೆ ಇಳಿಯಬೇಕು. ಬಾಯಲ್ಲಿ ಎಲೆ ಅಡಿಕೆ ಕಂಡರೂ ಉಸ್ತಾದರು ಹೊರಗೆ ಕಳಿಸುತ್ತಿದ್ದರು. ಜಗಳ ಇದ್ದರೆ ಅಖಾಡದಲ್ಲಿ ಪಟ್ಟು ಹಾಕಿ ಮುಗಿಸಿಕೊಳ್ಳಬೇಕು, ಓಣಿಗೆ ತರುವ ಹಾಗಿಲ್ಲ. ಮೊನ್ನೆ ಅದೇ ಗರಡಿಯ ಕಿಟಕಿಯಿಂದ ಇಣುಕಿದೆ. ಕೆಮ್ಮಣ್ಣಿನ ಮೇಲೆ ಬ್ಲೀಚಿಂಗ್ ಪೌಡರ್ ಚೀಲ, ಮುರಿದ ಬೀದಿ ದೀಪದ ಕಂಬ. ಬಾಗಿಲಿಗೆ ಬೀಗ.

ಖರ್ಚು ನಾನೇ ಕೂತು ಲೆಕ್ಕ ಹಾಕಿದ್ದೇನೆ. ಕುಸ್ತಿ, ಕಬಡ್ಡಿ, ಸೈಕಲ್ ಕಲಿಸಲು ಮೂವರು, ತಲಾ ತಿಂಗಳಿಗೆ 15,000. ವರ್ಷಕ್ಕೆ 5,40,000. ಆಪ್ತ ಸಮಾಲೋಚಕರು ಒಬ್ಬರು, ತಿಂಗಳಿಗೆ 25,000, ವರ್ಷಕ್ಕೆ 3,00,000. ದೀಪ, ಚೆಂಡು, ಶೇಂಗಾ ಬೆಲ್ಲಕ್ಕೆ 1,60,000. ಒಟ್ಟು 10 ಲಕ್ಷ. ಒಂದು ಓಣಿಗೆ ಸಿಸಿ ರಸ್ತೆ ಹಾಕಿದರೆ ಇದಕ್ಕಿಂತ ಜಾಸ್ತಿ ಆಗುತ್ತದೆ. ರಸ್ತೆ ಬೇಡ ಅನ್ನುತ್ತಿಲ್ಲ, ನಾನೂ ಅದೇ ರಸ್ತೆಯಲ್ಲಿ ಓಡಾಡುವವನು. ಬ್ಯಾನರ್‌ಗೆ, ಹಾರ ತುರಾಯಿಗೆ ಕೊಡುವ ದುಡ್ಡನ್ನು ಮಕ್ಕಳ ಜೊತೆ ದಿನಾ ಇರುವ ಮನುಷ್ಯನ ಸಂಬಳಕ್ಕೆ ಕೊಡಿ ಅನ್ನುತ್ತಿದ್ದೇನೆ.

ಒಂದು ರೂಪಾಯಿ ಖರ್ಚಿಲ್ಲದ ಕೆಲಸವೂ ಇದೆ. ಶಾಲೆಯಿಂದ 100 ಮೀಟರ್ ಒಳಗೆ ತಂಬಾಕು ಮಾರಬಾರದು ಅಂತ ನಮ್ಮ ರಾಜ್ಯದಲ್ಲಿ ಕಾನೂನೇ ಹೇಳುತ್ತದೆ; 2003ರ ಮೂಲ ಕಾನೂನಿನಲ್ಲಿ ಅದು 100 ಗಜ ಇತ್ತು. ಅಂಗಡಿಗೆ ಲೈಸೆನ್ಸ್ ಕೊಡುವವರು ಯಾರು? ಸ್ಥಳೀಯ ಸಂಸ್ಥೆಯೇ. ಟೇಪ್ ಹಿಡಿದು ಅಳೆದರೆ ಸಾಕು.

ಹುಡುಗ ಈಗ ಹೇಗಿದ್ದಾನೆ ಅಂತ ಕೇಳುತ್ತೀರಿ. ಒಂದು ವಾರ ಚೆನ್ನಾಗಿರುತ್ತಾನೆ, ಮತ್ತೆ ಎರಡು ದಿನ ಕಾಣುವುದಿಲ್ಲ. ಸಂಜೆ ಅಂಗಡಿಗೆ ಬಾ ಅಂತ ಹೇಳಿದ್ದೇನೆ. ಬಂದ ದಿನ ಒಂದು ಹಳೇ ಸೈಕಲ್ ತೆಗೆದುಕೊಂಡು ಶಾಲೆ ಮೈದಾನ ಸುತ್ತುತ್ತಾನೆ. ಸೊಲ್ಯೂಷನ್ ಟ್ಯೂಬನ್ನು ಈಗ ಯಾರಿಗೂ ಕೈಗೆ ಕೊಡುವುದಿಲ್ಲ. ಸೈಕಲ್ ತಂದರೆ ನಾನೇ ಹಚ್ಚಿ ಕೊಡುತ್ತೇನೆ. ಉಳಿದ ಅಂಗಡಿಯವರಲ್ಲೂ ಕೈ ಮುಗಿದು ಕೇಳಿದ್ದೇನೆ. ಇಬ್ಬರು ಒಪ್ಪಿದ್ದಾರೆ.

ಈ ಸಲದ ಬಜೆಟ್ ಸಭೆಯ ಪ್ರಕಟಣೆ ಬಂದ ದಿನವೇ ಇಲ್ಲಿ ಹಾಕುತ್ತೇನೆ. ಅರ್ಜಿ ಬರೆದಿಟ್ಟಿದ್ದೇನೆ. ಗರಡಿ ಬೀಗ ತೆಗೆಯಿರಿ, ಹುಡುಗರ ಹೆಸರಲ್ಲಿ ಒಂದು ಹೆಡ್ ಮಾಡಿರಿ, ಎರಡೇ ಸಾಲು. ಊರಿನವರು ಸಭೆಯ ದಿನ ಬೆಳಿಗ್ಗೆ ಹತ್ತಕ್ಕೆ ಗರಡಿ ಮನೆ ಮುಂದೆ ಬನ್ನಿ. ಸಹಿ ಮಾಡಲು ಪೆನ್ನು ನಾನು ತರುತ್ತೇನೆ. ಬರುವಾಗ ತಾಯಂದಿರನ್ನೂ ಕರೆದುಕೊಂಡು ಬನ್ನಿ.