ಬಾಜೂ ಕಾಟ್‌ನಾಕಿ

ನಮ್ಮ ಹುಬ್ಬಳ್ಳಿ ಕಡೆ ಒಂದು ವಯಸ್ಸಿನ ಹೆಣ್ಮಕ್ಕಳಿಗೆಲ್ಲಾ ಒಬ್ಬಾಕಿ ಬಾಜೂ ಕಾಟ್‌ನಾಕಿ ಇರ್ತಾಳ ನೋಡ್ರಿ. ಬೀಗರಲ್ಲ, ಬಳಗಲ್ಲ, ಹೆಸರೂ ಗೊತ್ತಿಲ್ಲ, ಹೆರಿಗಿ ವಾರ್ಡಿನಾಗ ಬಾಜೂಕ ಮಲಗಿದ್ಲು, ಅಷ್ಟ.

ನಮ್ಮವ್ವನ ಬಾಜೂ ಕಾಟ್‌ನಾಕಿ ನವಲಗುಂದದಾಕಿ. ಎಂಬತ್ತರ ದಶಕದ ಮಾತು, ಹುಬ್ಬಳ್ಳಿ ಕಿಮ್ಸ್ ದವಾಖಾನಿಗೆ ಅವಾಗಿನ್ನೂ ಕೆಎಂಸಿ ಅಂತಿದ್ರು. ಅಕಿಗೆ ಹೆಣ್ಣಿನ ಮ್ಯಾಲೆ ಹೆಣ್ಣು ಹುಟ್ಟಿ ಕಡೀಕ ಗಂಡಾಗಿತ್ತಂತ, ಅತ್ತಿ ಊರಿಂದ ಜಮಖಾನ ತಂದು ಕಾಟಿನ ಬುಡಕ ಹಾಸಿದ್ಲಂತ, ಅದರಾಗ ನವಿಲಿತ್ತಂತ, ಗಂಡ ಬಾಗಿಲದಾಗ ನಿಂತು ಒಳಗ ಬರಾಕ ನಾಚತಿದ್ನಂತ, ಡಬ್ಬಿ ತುಂಬ ಅಂಟಿನುಂಡಿ ಇದ್ವಂತ, ಖಾರೀಕ ಕಡಿಮಿ ಗೋಡಂಬಿ ಜಾಸ್ತಿ, 'ಅನುಕೂಲಸ್ಥರು ಬಿಡು' ಅಂತಾಳ ಅವ್ವ. ಅವ್ವಂದು ಸಿಸೇರಿಯನ್, ಅವಾಗ ಹೊಲಿಗಿ ಬಿಚ್ಚೂತನಕ ಅಲ್ಲೇ ಇರ್ಬೇಕಿತ್ತು. ರಾತ್ರಿ ನಾ ಅತ್ರ ಅವ್ವಗ ಏಳಾಕ ಆಗ್ತಿರ್ಲಿಲ್ಲ, ಎದ್ದು ಎತ್ಕೊಂತಿದ್ದಾಕಿ ಅಕಿನ. ಇದನ್ನ ಮಾತ್ರ ಅವ್ವ ಸಾವಕಾಶ ಹೇಳ್ತಾಳ, ಉಳಿದದ್ದೆಲ್ಲಾ ಒಂದ ಉಸಿರಿನಾಗ.

ಅಪ್ಪಗ ಕೇಳಿದ್ರ, 'ಹೊರಗ ಚಾ ಚೊಲೋ ಇತ್ತು.' ಮುಗೀತು.

ಅಮೆರಿಕಾದಾಗ ಪೆನ್ನಿ ಸಿಮ್ಕಿನ್ ಅನ್ನೋರು 20 ಮಂದಿ ತಾಯಂದ್ರನ್ನ ಮಾತಾಡಿಸಿ 1991-92ರಾಗ ಇಂಥಾ ಹೆರಿಗಿ ನೆನಪಿನ ಬಗ್ಗೆ ಬರದಾರ, ಹದಿನೈದಿಪ್ಪತ್ತು ವರ್ಷದ ಹಿಂದ ಹೆರಿಗಿ ಆದಾಗ ಬರದಿಟ್ಟಿದ್ದಕ್ಕೂ ಈಗ ಹೇಳೂದಕ್ಕೂ ಭಾಳಷ್ಟು ತಾಳೆ ಆಗ್ತಿತ್ತಂತ, ಅದರಾಗೂ ಡಾಕ್ಟರು ನರ್ಸು ಹ್ಯಾಂಗ ಮಾತಾಡಿಸಿದ್ರು ಅನ್ನೋದು ಘಟ್ಟಿ ಕೂತಿತ್ತಂತ. ಇರಬಹುದು. ಆದ್ರ ಗೋಡಂಬಿ ಲೆಕ್ಕದ ಮ್ಯಾಲೆ ನನಗ ಸಣ್ಣ ಡೌಟ್ ಐತಿ. ವರ್ಷಾ ನನ್ನ ಹುಟ್ಟಿದಹಬ್ಬಕ್ಕ ಅದ ಕಥಿ, ಅಲ್ಲ ಅನ್ನಾಕ ನವಲಗುಂದದಾಕಿ ಇಲ್ಲಿಲ್ಲ, ಹಿಂಗಾಗಿ ವರ್ಷಕ್ಕೊಂದು ಗೋಡಂಬಿ ಹೆಚ್ಚಾಗಿರಾಕೂ ಸಾಕು. ಅಕಿನೂ ಅಲ್ಲಿ ಕೂತು ನಮ್ಮವ್ವನ ಬಗ್ಗೆ ಏನೇನು ಹೇಳ್ತಿರ್ತಾಳೋ, ಆ ಹುಬ್ಬಳ್ಳ್ಯಾಕಿ ಕೂಸು ರಾತ್ರಿಯೆಲ್ಲಾ ಚೀರತಿತ್ತು ನಿದ್ದಿ ಕೊಡ್ಲಿಲ್ಲ ಅಂತ ಇರ್ಬೇಕು.

ಈಗ ನಮ್ಮ ಮನಿ ಹುಡಿಗ್ಯಾರು ಸ್ಪೆಷಲ್ ರೂಮಿನಾಗ ಹಡಿತಾರ, ಬಾಜೂಕ ಗ್ವಾಡಿ.

ನನಗ ತ್ರಾಸು ಆಗೂದು ಆಕಿ ಮಗಂದು. ಮುಖಾ ನೋಡಿಲ್ಲ, ಆದ್ರ ಹುಟ್ಟಿದಾಗಿಂದ ಅವ ನನ್ನ ಜೋಡಿನ ಬೆಳಿಯಾಕತ್ತಾನ. ನಾ ಎಸ್ಸೆಸ್ಸೆಲ್ಸಿ ಪಾಸಾದಾಗ 'ಅವನೂ ಆಗಿರ್ಬೇಕು', ಮದುವಿ ಆದಾಗ 'ಅವಂಗ ಇಷ್ಟೊತ್ತಿಗೆ ಮಕ್ಕಳಾಗಿರ್ಬೇಕು'. ಮೊನ್ನೆ ಡಾಕ್ಟರು ಬಿಪಿ ಗುಳಿಗಿ ಬರದು ಕೊಟ್ರು, ಅವ್ವನ ಮುಂದ ಹೇಳಿ ಕಾದೆ, ಅವನ ಸುದ್ದಿನ ತಗೀಲಿಲ್ಲ.

'ಯಾಕ, ಅವಂಗೂ ಬಿಪಿ ಬಂದಿರ್ಬೇಕಲ್ಲ?' ಅಂದೆ.

'ಅವಂಗ್ಯಾಕ ಬರ್ತದೋ,' ಅಂದ್ಲು, 'ಅವರವ್ವ ಅಷ್ಟು ಅಂಟಿನುಂಡಿ ತಿಂದು ಹಾಲು ಕುಡಿಸ್ಯಾಳ.'